ನಮ್ಮ ಪ್ರಿಂಟರ್ ಲಿನಕ್ಸ್‌ನಲ್ಲಿ ನಡೆಯುತ್ತಾ? ಒಂದು ಪ್ರಶ್ನೆಯ ನಲವತ್ತೈದು ವರ್ಷದ ಕಥೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹೊಸ ವಿಂಡೋಸ್ 11 ಹಾಕೋಣ ಅಂದರೆ ಹಳೇ ಕಂಪ್ಯೂಟರ್‌ಗಳು ಅದನ್ನು ತಗೊಳ್ಳುವುದಿಲ್ಲ. ಹಳ್ಳಿಯ ಜೆರಾಕ್ಸ್ ಅಂಗಡಿ, ಹಾಲಿನ ಡೇರಿ, ಸೊಸೈಟಿ, ಶಾಲೆಯ ಆಫೀಸು ಇಲ್ಲೆಲ್ಲ ಇರುವುದು ಅಂಥ ಹಳೇ ಪೆಟ್ಟಿಗೆಗಳೇ. ಹೊಸ ಕಂಪ್ಯೂಟರ್ ಕೊಳ್ಳಬೇಕು, ಇಲ್ಲವೇ ಹಳೆಯದಕ್ಕೇ ಲಿನಕ್ಸ್ ಹಾಕಿಸಬೇಕು. ಲಿನಕ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಹಳೇ ಯಂತ್ರದಲ್ಲೂ ಓಡುತ್ತದೆ.

ಹೀಗೆ ಹೇಳಿದ ಕೂಡಲೇ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ನಮ್ಮ ಪ್ರಿಂಟರ್ ಅದರಲ್ಲಿ ನಡೆಯುತ್ತಾ ಸಾರ್?"

ನ್ಯಾಯವಾದ ಪ್ರಶ್ನೆ. ಪಹಣಿ, ಆಧಾರ್ ಪ್ರತಿ, ಪರೀಕ್ಷೆಯ ಹಾಲ್ ಟಿಕೆಟ್, ಬೆಳೆ ವಿಮೆ ಅರ್ಜಿ ಎಲ್ಲ ಕಾಗದದ ಮೇಲೆ ಬಂದರೆ ತಾನೇ ಕೆಲಸ. ಕಂಪ್ಯೂಟರ್ ಎಷ್ಟು ಚೆನ್ನಾಗಿ ಓಡಿದರೂ ಪ್ರಿಂಟ್ ಬರದಿದ್ದರೆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ.

ಈ ಪ್ರಶ್ನೆಗೆ ಇವತ್ತು ಸಿಗುವ ಉತ್ತರ "ಬಹುತೇಕ ನಡೆಯುತ್ತದೆ, ಆದರೆ ಯಾವ ಪ್ರಿಂಟರ್ ಅನ್ನುವುದರ ಮೇಲೆ ಇದೆ" ಎಂದು. ಈ "ಬಹುತೇಕ" ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಅದರ ಹಿಂದಿನ ಕಥೆ ತಿಳಿದರೆ ಪ್ರಿಂಟರ್ ಕೊಳ್ಳುವಾಗಲೂ ಕೆಟ್ಟಾಗಲೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಈ ಸಲ ಇದನ್ನೇ ಬರೆಯುತ್ತಿದ್ದೇವೆ.

ಸಿಕ್ಕಿಕೊಂಡ ಕಾಗದದಿಂದ ಎದ್ದ ಜಗಳ

ಲಿನಕ್ಸ್‌ನ ಬೇರು ಹುಡುಕುತ್ತಾ ಹೋದರೆ ಅಲ್ಲೇ ಒಂದು ಪ್ರಿಂಟರ್ ಸಿಗುತ್ತದೆ.

1980ರ ಸುಮಾರು. ಅಮೆರಿಕದ ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್ ಕೆಲಸಕ್ಕಿದ್ದರು. ಅಲ್ಲಿನ ಹಳೇ ಪ್ರಿಂಟರ್‌ನಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಕಂಪ್ಯೂಟರ್ ಒಂದು ಕಡೆ, ಪ್ರಿಂಟರ್ ಇನ್ನೊಂದು ಕಡೆ. ಪ್ರಿಂಟ್ ಕೊಟ್ಟವರು ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಏನೂ ಬಂದಿರುತ್ತಿರಲಿಲ್ಲ. ಸ್ಟಾಲ್‌ಮನ್ ಆ ಪ್ರಿಂಟರ್‌ನ ಪ್ರೋಗ್ರಾಮ್ ತಿದ್ದಿದರು. ಕಾಗದ ಸಿಕ್ಕಿಕೊಂಡ ಕೂಡಲೇ ಪ್ರಿಂಟ್‌ಗಾಗಿ ಕಾಯುತ್ತಿದ್ದವರ ಪರದೆಗೆಲ್ಲ ಸುದ್ದಿ ಹೋಗುವ ಹಾಗೆ ಮಾಡಿದರು. ಯಾರಾದರೂ ಒಬ್ಬರು ಎದ್ದು ಹೋಗಿ ಸರಿ ಮಾಡುತ್ತಿದ್ದರು.

ಆಮೇಲೆ ಜೆರಾಕ್ಸ್ ಕಂಪನಿ ಹೊಸ ಲೇಸರ್ ಪ್ರಿಂಟರ್ ಕೊಟ್ಟಿತು. ಅದರಲ್ಲೂ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಆದರೆ ಈ ಸಲ ಪ್ರೋಗ್ರಾಮ್‌ನ ಮೂಲ ಬರಹವನ್ನು ಕಂಪನಿ ಕೊಡಲಿಲ್ಲ. ಬೇರೆ ವಿಶ್ವವಿದ್ಯಾಲಯದ ಒಬ್ಬರ ಬಳಿ ಅದು ಇದೆ ಎಂದು ತಿಳಿದು ಸ್ಟಾಲ್‌ಮನ್ ಹೋಗಿ ಕೇಳಿದರು. "ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ" ಎಂಬ ಅರ್ಥದ ಉತ್ತರ ಬಂತು. ಯಂತ್ರ ಕಣ್ಣೆದುರಿಗೇ ಇದೆ, ತೊಂದರೆ ಏನೆಂದು ಗೊತ್ತಿದೆ, ಸರಿ ಮಾಡುವ ವಿದ್ಯೆಯೂ ಇದೆ, ಆದರೂ ಕೈ ಹಾಕುವ ಹಾಗಿಲ್ಲ.

1983ರ ಸೆಪ್ಟೆಂಬರ್‌ನಲ್ಲಿ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಕಟ್ಟುವುದು ಅದರ ಗುರಿ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದರು. ಎರಡೂ ಸೇರಿ ಇವತ್ತು ನಾವು ಲಿನಕ್ಸ್ ಎಂದು ಕರೆಯುವ ವ್ಯವಸ್ಥೆ ಆಯಿತು. ಪ್ರಿಂಟರ್ ಒಂದರಿಂದಲೇ ಇದೆಲ್ಲ ಆಯಿತೆಂದು ಹೇಳಲಾಗದು. ಆದರೆ ತಮ್ಮ ಭಾಷಣಗಳಲ್ಲಿ ಸ್ಟಾಲ್‌ಮನ್ ಈ ಪ್ರಿಂಟರ್ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿದ್ದಾರೆ.

ಹಿಟ್ಟಿನ ಗಿರಣಿಯ ಲೆಕ್ಕ

ಆ ಕಾಲದ ದೊಡ್ಡ ಕಂಪ್ಯೂಟರ್‌ಗಳಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆ ಇತ್ತು. ಲಿನಕ್ಸ್ ನಡೆದದ್ದು ಅದರ ಜಾಡಿನಲ್ಲೇ. ಒಂದು ಕಂಪ್ಯೂಟರನ್ನು ಹತ್ತಾರು ಜನ ಒಟ್ಟಿಗೆ ಬಳಸುತ್ತಿದ್ದರು, ಪ್ರಿಂಟರ್ ಮಾತ್ರ ಒಂದೇ. ಇಬ್ಬರು ಒಟ್ಟಿಗೆ ಪ್ರಿಂಟ್ ಕೊಟ್ಟರೆ ಒಬ್ಬರ ಸಾಲಿನೊಳಗೆ ಇನ್ನೊಬ್ಬರ ಸಾಲು ಸೇರಿಕೊಳ್ಳಬಾರದಲ್ಲ.

ಅದಕ್ಕೆ ಮಾಡಿದ ಉಪಾಯ ನಮ್ಮ ಹಿಟ್ಟಿನ ಗಿರಣಿಯಲ್ಲಿ ನಡೆಯುವುದೇ. ರಾಗಿ ಡಬ್ಬ ತಂದು ಸಾಲಿನಲ್ಲಿಟ್ಟು ನಾವು ಸಂತೆಗೆ ಹೋಗುತ್ತೇವೆ. ಗಿರಣಿಯವರು ಒಂದೊಂದಾಗಿ ಬೀಸಿ ಇಡುತ್ತಾರೆ. ಡಬ್ಬದ ಪಕ್ಕ ನಾವು ನಿಂತಿರಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಆ ಸಾಲಿಗೆ ಕ್ಯೂ ಎನ್ನುತ್ತಾರೆ. ಕಡತಗಳನ್ನು ಹೀಗೆ ಸಾಲಿನಲ್ಲಿಟ್ಟು ಹೋಗುವುದಕ್ಕೆ ಸ್ಪೂಲ್ ಮಾಡುವುದು ಎನ್ನುತ್ತಾರೆ.

ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್‌ನಲ್ಲಿ ಈ ಗಿರಣಿಯವನ ಹೆಸರು ಎಲ್‌ಪಿಡಿ. ಎಲ್‌ಪಿಆರ್ ಎಂದರೆ ಡಬ್ಬ ಇಡುವುದು, ಎಲ್‌ಪಿಕ್ಯೂ ಎಂದರೆ ಸಾಲು ನೋಡುವುದು, ಎಲ್‌ಪಿಆರ್‌ಎಂ ಎಂದರೆ ನಮ್ಮ ಡಬ್ಬ ವಾಪಸ್ ತೆಗೆದುಕೊಳ್ಳುವುದು. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಪ್ರಿಂಟ್ ಕಳಿಸುವ ಈ ಪದ್ಧತಿಯನ್ನು 1990ರಲ್ಲಿ ಬರಹಕ್ಕೆ ಇಳಿಸಿ ಪ್ರಕಟಿಸಿದರು. ಲಿನಕ್ಸ್‌ನ ಮೊದಲ ವರ್ಷಗಳಲ್ಲಿ ಪ್ರಿಂಟ್ ಆಗುತ್ತಿದ್ದದ್ದು ಇದರಿಂದಲೇ.

ಸಾಲಿನ ಕೆಲಸ ಚೆನ್ನಾಗಿತ್ತು, ಕಷ್ಟವಿದ್ದದ್ದು ಪ್ರಿಂಟರ್ ಜೋಡಿಸುವಲ್ಲಿ. ಪ್ರಿಂಟ್‌ಕ್ಯಾಪ್ ಎಂಬ ಕಡತದಲ್ಲಿ ಪ್ರತಿ ಪ್ರಿಂಟರ್‌ನ ವಿವರ ಕೈಯಾರೆ ಬರೆಯಬೇಕಿತ್ತು. ಎರಡಕ್ಷರದ ಸಂಕೇತಗಳು, ನಡುವೆ ಕೋಲನ್ ಚಿಹ್ನೆ, ಸಾಲಿನ ಕೊನೆಯಲ್ಲಿ ಓರೆಗೆರೆ. ಒಂದು ಚಿಹ್ನೆ ತಪ್ಪಿದರೂ ಪ್ರಿಂಟ್ ಬರುವುದಿಲ್ಲ, ಯಾಕೆ ಬರಲಿಲ್ಲ ಎಂದು ಹೇಳುವವರೂ ಇಲ್ಲ.

ಆ ಕಾಲದ ಒಂದು ತಮಾಷೆ ಲಿನಕ್ಸ್‌ನಲ್ಲಿ ಉಳಿದುಬಿಟ್ಟಿದೆ. ಹಳೇ ಅಗಲ ಕೇಬಲ್‌ನ ಪ್ರಿಂಟರ್ ತನಗೆ ತೊಂದರೆಯಾಗಿದೆ ಎನ್ನುತ್ತದೆ, ಆದರೆ ಕಾಗದ ಮುಗಿದಿಲ್ಲ, ಪ್ರಿಂಟರ್ ಆಫ್ ಕೂಡ ಆಗಿಲ್ಲ. ಅಂಥ ಹೊತ್ತಿನಲ್ಲಿ ಲಿನಕ್ಸ್ ಪರದೆಯ ಮೇಲೆ ಇಂಗ್ಲಿಷಿನಲ್ಲಿ "ಪ್ರಿಂಟರ್‌ಗೆ ಬೆಂಕಿ ಬಿದ್ದಿದೆ" ಎಂದು ಬರುತ್ತಿತ್ತು. ಯಾವ ಬೆಂಕಿಯೂ ಇಲ್ಲ. ಏನಾಗಿದೆಯೋ ಗೊತ್ತಿಲ್ಲ, ನೀವೇ ಹೋಗಿ ನೋಡಿ ಎಂದು ಅರ್ಥ.

ಪ್ರಿಂಟರ್ ಆಡುವ ಭಾಷೆ

ಸಾಲು ಮಾಡಿದರೆ ಮುಗಿಯಲಿಲ್ಲ. ಕಂಪ್ಯೂಟರ್ ಹೇಳುವುದು ಪ್ರಿಂಟರ್‌ಗೆ ಅರ್ಥವಾಗಬೇಕು.

ಡಾಟ್ ಮ್ಯಾಟ್ರಿಕ್ಸ್ ಕಾಲದಲ್ಲಿ ಇದು ಸುಲಭವಿತ್ತು. ಇಂಗ್ಲಿಷ್ ಅಕ್ಷರಗಳು ಪ್ರಿಂಟರ್‌ನೊಳಗೇ ಇರುತ್ತಿದ್ದವು. "ಎ" ಎಂದು ಕಳಿಸಿದರೆ "ಎ" ಎಂದು ಕುಟ್ಟುತ್ತಿತ್ತು. ಲೇಸರ್ ಪ್ರಿಂಟರ್ ಬಂದಾಗ ಇಡೀ ಪುಟದ ಚಿತ್ರವನ್ನೇ ವಿವರಿಸುವ ಭಾಷೆ ಬೇಕಾಯಿತು. 1984ರಲ್ಲಿ ಅಡೋಬಿ ಕಂಪನಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ ತಂದಿತು. ಅದು ತಿಳಿದ ಆಪಲ್‌ನ ಲೇಸರ್‌ರೈಟರ್ 1985ರಲ್ಲಿ ಬಂತು. ಆ ಭಾಷೆ ಬಲ್ಲ ಪ್ರಿಂಟರ್‌ಗಳ ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ.

ಅಲ್ಲಿ ನೆರವಾದದ್ದು ಗೋಸ್ಟ್‌ಸ್ಕ್ರಿಪ್ಟ್. ಎಲ್. ಪೀಟರ್ ಡಾಯ್ಚ್ ಎಂಬುವರು 1988ರಲ್ಲಿ ಬರೆದು ಹೊರಬಿಟ್ಟ ಪ್ರೋಗ್ರಾಮ್ ಇದು. ಪೋಸ್ಟ್‌ಸ್ಕ್ರಿಪ್ಟ್ ಓದಿ ಅದನ್ನು ಚುಕ್ಕಿಗಳ ಚಿತ್ರವಾಗಿ ಬದಲಿಸಿ, ಅಗ್ಗದ ಪ್ರಿಂಟರ್‌ಗೆ ಅರ್ಥವಾಗುವ ಹಾಗೆ ಕೊಡುತ್ತದೆ. ದುಬಾರಿ ಪ್ರಿಂಟರ್‌ನೊಳಗೆ ಕೂತಿದ್ದ ದುಭಾಷಿಯನ್ನು ಕಂಪ್ಯೂಟರ್‌ನೊಳಕ್ಕೆ ತಂದು ಕೂರಿಸಿದ ಹಾಗಾಯಿತು. ಲಿನಕ್ಸ್ ಬಳಸುವವರು ವರ್ಷಗಟ್ಟಲೆ ಇದನ್ನೇ ನೆಚ್ಚಿಕೊಂಡಿದ್ದರು.

ಆದರೆ 1990ರ ದಶಕದಲ್ಲಿ ಪ್ರಿಂಟರ್ ಕಂಪನಿಗಳು ಬೆಲೆ ಇಳಿಸಲು ಇನ್ನೊಂದು ದಾರಿ ಹಿಡಿದವು. ಪ್ರಿಂಟರ್‌ನೊಳಗಿನ ಬುದ್ಧಿಯನ್ನೇ ತೆಗೆದರು. ಕೆಲಸವೆಲ್ಲ ಕಂಪ್ಯೂಟರ್‌ನಲ್ಲಿರುವ ವಿಂಡೋಸ್ ಡ್ರೈವರ್ ಮಾಡುತ್ತದೆ, ಪ್ರಿಂಟರ್ ಬರೀ ಚುಕ್ಕಿ ಹಾಕುತ್ತದೆ. ಆ ಚುಕ್ಕಿಗಳನ್ನು ಯಾವ ರೀತಿ ಕಟ್ಟಿ ಕಳಿಸಬೇಕು ಎನ್ನುವುದನ್ನು ಗುಟ್ಟಾಗಿಟ್ಟರು. ಕಂಪನಿ ಯಾವ ವಿಂಡೋಸ್‌ಗೆ ಡ್ರೈವರ್ ಕೊಡುತ್ತದೋ ಅದರಲ್ಲಷ್ಟೇ ಪ್ರಿಂಟರ್ ಓಡುತ್ತದೆ. ಕೊಡುವುದನ್ನು ನಿಲ್ಲಿಸಿದ ದಿನ ಚೆನ್ನಾಗಿರುವ ಪ್ರಿಂಟರ್ ಗುಜರಿಗೆ. ನಮ್ಮೂರಿನ ಅಂಗಡಿಗಳಿಗೆ ಬಂದದ್ದು ಹೆಚ್ಚಾಗಿ ಇಂಥ ಅಗ್ಗದ ಪ್ರಿಂಟರ್‌ಗಳೇ.

ಪಟ್ಟಿ ಬರೆದವರು

ಯಾವ ಪ್ರಿಂಟರ್ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮೊದಲು ಪಟ್ಟಿ ಮಾಡಿ ಇಟ್ಟವರಲ್ಲಿ ಗ್ರಾಂಟ್ ಟೇಲರ್ ಮುಖ್ಯರು. ಲಿನಕ್ಸ್‌ನಲ್ಲಿ ಪ್ರಿಂಟ್ ಮಾಡುವುದು ಹೇಗೆಂಬ ಕೈಪಿಡಿಯನ್ನು ಅವರು ಬರೆದರು. ಜನರಿಂದ ಬಂದ ಅನುಭವಗಳನ್ನು ಸೇರಿಸುತ್ತಾ ಪ್ರಿಂಟರ್‌ಗಳ ದೊಡ್ಡ ದಾಖಲೆ ಕಟ್ಟಿದರು. ಮುಂದೆ ಜರ್ಮನಿಯ ಟಿಲ್ ಕಂಪೇಟರ್ ಆ ಕೆಲಸ ವಹಿಸಿಕೊಂಡರು. 2000ದಲ್ಲಿ ಮ್ಯಾಂಡ್ರೇಕ್ ಲಿನಕ್ಸ್ ಕಂಪನಿ ಸೇರಿ, ಪ್ರಿಂಟರ್ ವಿಚಾರವನ್ನೇ ತಮ್ಮ ಜೀವನದ ಕೆಲಸ ಮಾಡಿಕೊಂಡರು. ಓಪನ್‌ಪ್ರಿಂಟಿಂಗ್ ಎಂಬ ಬಳಗ ಅವರ ಮುಂದಾಳತ್ವದಲ್ಲಿ ಬೆಳೆಯಿತು.

ಬಣ್ಣದ ಇಂಕ್‌ಜೆಟ್‌ಗಳಿಗೂ ಹೀಗೇ ಆಯಿತು. ಮೈಕಲ್ ಸ್ವೀಟ್ ಎಂಬ ಅಮೆರಿಕದ ಪ್ರೋಗ್ರಾಮರ್ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಪ್ರಿಂಟ್ ಮಾಡುವ ಒಂದು ತುಂಡನ್ನು ಬರೆದಿದ್ದರು. ರಾಬರ್ಟ್ ಕ್ರಾವಿಟ್ಜ್ ಎಂಬುವರು ತಮ್ಮ ಎಪ್ಸನ್ ಪ್ರಿಂಟರ್‌ನಲ್ಲಿ ಫೋಟೊ ಚೆನ್ನಾಗಿ ಬರಲಿ ಎಂದು ಅದನ್ನು ಬೆಳೆಸಿದರು. ಅದೇ ಇವತ್ತಿನ ಗುಟನ್‌ಪ್ರಿಂಟ್. ನೂರಾರು ಮಾದರಿಯ ಪ್ರಿಂಟರ್‌ಗಳನ್ನು ಅದು ನಡೆಸುತ್ತದೆ.

ಕಪ್ಸ್ ಬಂತು

ಇದೇ ಮೈಕಲ್ ಸ್ವೀಟ್ ತಮ್ಮ ಸಣ್ಣ ಕಂಪನಿ ಈಸಿ ಸಾಫ್ಟ್‌ವೇರ್ ಪ್ರಾಡಕ್ಟ್ಸ್‌ನಲ್ಲಿ 1997ರಲ್ಲಿ ಹೊಸ ಪ್ರಿಂಟ್ ವ್ಯವಸ್ಥೆಯ ಕೆಲಸ ಶುರು ಮಾಡಿದರು. 1999ರಲ್ಲಿ ಅದು ಜನರ ಕೈಗೆ ಬಂತು. ಕಾಮನ್ ಯುನಿಕ್ಸ್ ಪ್ರಿಂಟಿಂಗ್ ಸಿಸ್ಟಮ್ ಎಂದು ಪೂರ್ತಿ ಹೆಸರು, ಚಿಕ್ಕದಾಗಿ ಕಪ್ಸ್.

ಮೊದಲು ಹಳೇ ಎಲ್‌ಪಿಡಿ ಪದ್ಧತಿಯ ಮೇಲೇ ಕಟ್ಟುವ ಯೋಚನೆ ಇತ್ತು. ಆ ಹೊತ್ತಿಗೆ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್, ಅಂದರೆ ಐಪಿಪಿ ಎಂಬ ಹೊಸ ಪದ್ಧತಿ ತಯಾರಾಗುತ್ತಿತ್ತು. ಸ್ವೀಟ್ ಅದನ್ನು ಆರಿಸಿಕೊಂಡರು. ಹಳೇ ಪದ್ಧತಿಯಲ್ಲಿ ಕಂಪ್ಯೂಟರ್ "ತಗೋ, ಪ್ರಿಂಟ್ ಮಾಡು" ಎನ್ನುವುದಷ್ಟೇ. ಐಪಿಪಿಯಲ್ಲಿ ಮಾತು ಎರಡೂ ಕಡೆಯಿಂದ. "ನಿನಗೆ ಎ4 ಕಾಗದ ಬರುತ್ತಾ? ಎರಡೂ ಬದಿ ಹಾಕುತ್ತೀಯಾ? ಇಂಕ್ ಎಷ್ಟಿದೆ?" ಎಂದು ಕೇಳಬಹುದು, ಪ್ರಿಂಟರ್ ಉತ್ತರ ಕೊಡುತ್ತದೆ.

ಪ್ರಿಂಟ್‌ಕ್ಯಾಪ್ ಕಡತಕ್ಕೆ ಕೈಯಾರೆ ಬರೆಯುವ ಕಷ್ಟವೂ ತಪ್ಪಿತು. ಲಿನಕ್ಸ್ ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದು ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, 631 ಎಂದು ಹೊಡೆದರೆ ಕಪ್ಸ್‌ನ ಪುಟ ಬರುತ್ತದೆ. ಪ್ರಿಂಟರ್ ಸೇರಿಸುವುದು, ಸಾಲು ನೋಡುವುದು, ನಿಂತ ಕೆಲಸ ರದ್ದು ಮಾಡುವುದು ಎಲ್ಲ ಅಲ್ಲೇ. ಇಪ್ಪತ್ತೈದು ವರ್ಷ ದಾಟಿದರೂ ಆ ವಿಳಾಸ ಬದಲಾಗಿಲ್ಲ.

2002ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳಿಗೂ ಕಪ್ಸ್ ಅಳವಡಿಸಿಕೊಂಡಿತು. 2007ರಲ್ಲಿ ಸ್ವೀಟ್ ಅವರನ್ನೇ ಕೆಲಸಕ್ಕೆ ಸೇರಿಸಿಕೊಂಡು ಕಪ್ಸ್‌ನ ಹಕ್ಕನ್ನೂ ಕೊಂಡಿತು. ಮೂಲ ಬರಹ ಮುಂಚಿನ ಹಾಗೇ ಎಲ್ಲರಿಗೂ ಸಿಗುತ್ತಿತ್ತು.

ಚಿಕ್ಕಮ್ಮನಿಗೆ ಬರದಿದ್ದರೆ ಏನು ಬಂತು?

ಕಪ್ಸ್ ಬಂದ ಮೇಲೆ ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. 2004ರ ಫೆಬ್ರವರಿಯಲ್ಲಿ ಎರಿಕ್ ರೇಮಂಡ್ ಎಂಬ ಹೆಸರಾಂತ ಪ್ರೋಗ್ರಾಮರ್ ಸಿಟ್ಟಿನಿಂದ ಒಂದು ಲೇಖನ ಬರೆದರು. ಮನೆಯಲ್ಲೇ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿದ್ದ ಪ್ರಿಂಟರ್‌ಗೆ ತಮ್ಮ ಲಿನಕ್ಸ್ ಕಂಪ್ಯೂಟರ್‌ನಿಂದ ಪ್ರಿಂಟ್ ಕಳಿಸಲು ಅವರು ಪಟ್ಟ ಪಾಡು ಅದರಲ್ಲಿದೆ. ವರ್ಷಗಟ್ಟಲೆ ಯುನಿಕ್ಸ್‌ನಲ್ಲಿ ಪಳಗಿದ ಮನುಷ್ಯನಿಗೇ ಪರದೆ ಮೇಲಿನ ಕಿಟಕಿಗಳು ಮುಂದೇನು ಮಾಡಬೇಕೆಂದು ಹೇಳಲಿಲ್ಲ.

ಟಿಲ್ಲಿ ಚಿಕ್ಕಮ್ಮ ಎಂಬ ಒಂದು ಕಲ್ಪನೆಯ ಪಾತ್ರವನ್ನು ಅವರು ಮುಂದಿಟ್ಟರು. ಕಂಪ್ಯೂಟರ್ ವಿದ್ಯೆ ಇಲ್ಲದ, ಕೆಲಸ ಆದರೆ ಸಾಕೆನ್ನುವ ಹೆಂಗಸು. ಆಕೆಗೆ ಆಗದ್ದನ್ನು ಮಾಡಿಟ್ಟು ನಾವು ಬೀಗುವುದರಲ್ಲಿ ಏನಿದೆ ಎಂಬುದು ಅವರ ಪ್ರಶ್ನೆ. ಆ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. ನಮ್ಮ ಹಳ್ಳಿಗಳ ಕಡೆಯಿಂದ ನೋಡಿದರೆ ಇದು ಬಹಳ ಮುಖ್ಯ. ಮೂಲ ಬರಹ ಎಲ್ಲರಿಗೂ ಸಿಗುವುದು ಒಂದು ಹಕ್ಕು. ಕಲಿಯದವರಿಗೂ ಕೈಗೆ ಹತ್ತುವಂತಿರುವುದು ಇನ್ನೊಂದು. ಎರಡನೆಯದಿಲ್ಲದಿದ್ದರೆ ಮೊದಲನೆಯದು ಓದಿದವರ ಪಾಲಾಗಿ ಉಳಿಯುತ್ತದೆ.

ನಮ್ಮ ಅಂಗಡಿಗಳ ಎರಡು ಪ್ರಿಂಟರ್

ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900. ಯಾವ ತಾಲ್ಲೂಕಿಗೆ ಹೋದರೂ ಡಿಟಿಪಿ ಅಂಗಡಿಗಳಲ್ಲಿ ಇವು ಕಣ್ಣಿಗೆ ಬೀಳುತ್ತವೆ. ಗಟ್ಟಿ ಯಂತ್ರಗಳು, ಟೋನರ್ ತುಂಬಿಸುತ್ತಾ ಹೋದರೆ ವರ್ಷಗಟ್ಟಲೆ ದುಡಿಯುತ್ತವೆ. ಎರಡೂ ಗುಟ್ಟಿನ ಭಾಷೆಯವು.

1020ರದ್ದು ವಿಚಿತ್ರ. ಅದರ ಒಳಗಿನ ಪ್ರೋಗ್ರಾಮ್ ಪ್ರಿಂಟರ್‌ನಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನು ಮತ್ತೆ ಕಳಿಸಬೇಕು. ವಿಂಡೋಸ್ ಡ್ರೈವರ್ ಇದನ್ನು ಸದ್ದಿಲ್ಲದೆ ಮಾಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ರಿಕ್ ರಿಚರ್ಡ್‌ಸನ್ ಎಂಬುವರು ಈ ಭಾಷೆಯನ್ನು ಬಿಡಿಸಿ ಡ್ರೈವರ್ ಬರೆದರು. ಕೇಬಲ್ ಚುಚ್ಚಿದ ಕೂಡಲೇ ಆ ಒಳಗಿನ ಪ್ರೋಗ್ರಾಮ್ ತಾನೇ ಹೋಗುವ ಏರ್ಪಾಟನ್ನೂ ಮಾಡಿದರು. ಎಚ್‌ಪಿ ಕೂಡ ಲಿನಕ್ಸ್‌ಗೆಂದೇ ಎಚ್‌ಪಿಲಿಪ್ ಎಂಬ ತಂತ್ರಾಂಶ ಕೊಡುತ್ತದೆ. ಅದರ ಬಹುಪಾಲು ಎಲ್ಲರೂ ಓದಬಹುದಾದದ್ದು. ಆದರೆ 1020ರಂಥ ಕೆಲವು ಮಾದರಿಗಳಿಗೆ ಪ್ಲಗಿನ್ ಎಂಬ ಮುಚ್ಚಿದ ತುಂಡೊಂದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. "ಪ್ರಿಂಟರ್ ಕಾಣುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ" ಎಂಬ ದೂರಿಗೆ ಹಲವು ಸಲ ಈ ಪ್ಲಗಿನ್ ಹಾಕದಿರುವುದೇ ಕಾರಣ.

2900ಕ್ಕೆ ಕ್ಯಾನನ್ ಲಿನಕ್ಸ್ ಡ್ರೈವರ್ ಕೊಟ್ಟಿತ್ತು. ಆದರೆ ಅದು ಮುಚ್ಚಿದ ಡ್ರೈವರ್. ಅದರ ಜೊತೆ ಇನ್ನೊಂದು ಪ್ರೋಗ್ರಾಮ್ ಹಿಂದೆ ಓಡುತ್ತಲೇ ಇರಬೇಕು. ಅದು ನಿಂತರೆ ಪ್ರಿಂಟ್ ನಿಂತಿತು. ಪ್ರಿಂಟರ್‌ನ ಭಾಷೆಯನ್ನು ಬಿಡಿಸಿ ಮುಕ್ತ ಡ್ರೈವರ್ ಬರೆಯಲು ಸ್ವಯಂಸೇವಕರು ಕೈಹಾಕಿದ್ದಾರೆ. ಹಾಗಾಗಿ 2900 ಇರುವವರು ಲಿನಕ್ಸ್‌ಗೆ ಬರುವ ಮುನ್ನ ಪರೀಕ್ಷೆ ಮಾಡಿ ನೋಡಲೇಬೇಕು.

ಒತ್ತಕ್ಷರದ ಪಾಡು

ಕನ್ನಡದವರಿಗೆ ಇನ್ನೊಂದು ತೊಡಕಿತ್ತು. "ರಾಷ್ಟ್ರ" ಎಂಬ ಪದದಲ್ಲಿ "ಷ"ದ ಕೆಳಗೆ ಎರಡು ಒತ್ತು ಕೂರಬೇಕು. ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಆಗುವುದಿಲ್ಲ. ನುಡಿ, ಬರಹದ ಹಳೇ ಅಕ್ಷರಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಇಟ್ಟು ಕೆಲಸ ಸಾಗಿಸಿದ್ದರು. ಅದೇ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಪ್ರಿಂಟ್‌ನಲ್ಲೂ ಅದೇ.

ಯುನಿಕೋಡ್ ಬಂದ ಮೇಲೆ ದಾರಿ ಸರಿಯಾಯಿತು. ಲಿನಕ್ಸ್‌ನಲ್ಲಿ ಹರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಒತ್ತು, ಗುಣಿತ ಎಲ್ಲವನ್ನೂ ಅದರದರ ಜಾಗದಲ್ಲಿ ಕೂರಿಸುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳೂ ಸಿಗುತ್ತವೆ.

ಇದಕ್ಕೆ ಜೊತೆಯಾದದ್ದು 2006ರಲ್ಲಿ ಅಟ್ಲಾಂಟಾದಲ್ಲಿ ನಡೆದ ಲಿನಕ್ಸ್ ಪ್ರಿಂಟಿಂಗ್ ಸಭೆಯ ಒಂದು ತೀರ್ಮಾನ. ಪ್ರಿಂಟ್ ಕೆಲಸ ಇನ್ನು ಮುಂದೆ ಪೋಸ್ಟ್‌ಸ್ಕ್ರಿಪ್ಟ್ ಬದಲು ಪಿಡಿಎಫ್ ಆಗಿ ಸಾಗಲಿ ಎಂದು ಅಲ್ಲಿ ಒಪ್ಪಿದರು. ಪಿಡಿಎಫ್‌ನೊಳಗೆ ಅಕ್ಷರದ ಆಕಾರವೇ ಸೇರಿರುತ್ತದೆ. ಲಿಬ್ರೆ ಆಫೀಸ್‌ನಲ್ಲೋ ಬ್ರೌಸರ್‌ನಲ್ಲೋ ಪರದೆ ಮೇಲೆ "ರಾಷ್ಟ್ರ" ಸರಿಯಾಗಿ ಕಂಡರೆ ಕಾಗದದ ಮೇಲೂ ಹಾಗೇ ಬರುತ್ತದೆ. ಪ್ರಿಂಟರ್‌ಗೆ ಕನ್ನಡ ಬರಬೇಕಿಲ್ಲ.

ಡ್ರೈವರ್ ಬೇಡದ ಕಾಲ

2010ರಲ್ಲಿ ಆಪಲ್ ಫೋನಿನಿಂದ ನೇರವಾಗಿ ಪ್ರಿಂಟ್ ಕೊಡುವ ಏರ್‌ಪ್ರಿಂಟ್ ತಂದಿತು. ಫೋನಿನಲ್ಲಿ ಸಾವಿರಾರು ಡ್ರೈವರ್ ತುಂಬಲಾಗುವುದಿಲ್ಲ. ಹಾಗಾಗಿ ಪ್ರಿಂಟರ್‌ಗಳೇ ಎಲ್ಲರಿಗೂ ಗೊತ್ತಿರುವ ಒಂದು ಭಾಷೆ ಕಲಿಯಬೇಕಾಯಿತು. ಅದರ ತಳದಲ್ಲಿ ಇರುವುದು ಕಪ್ಸ್ ಆರಿಸಿಕೊಂಡಿದ್ದ ಅದೇ ಐಪಿಪಿ. 2013ರಲ್ಲಿ ಐಪಿಪಿ ಎವ್ರಿವೇರ್ ಎಂಬ ಮುಕ್ತ ಮಾನದಂಡವೂ ಬಂತು. ನಿಮ್ಮ ಆಂಡ್ರಾಯ್ಡ್ ಫೋನಿನ ಪ್ರಿಂಟ್ ಬಟನ್ ಒತ್ತಿದಾಗಲೂ ವೈಫೈ ಪ್ರಿಂಟರ್ ಜೊತೆ ನಡೆಯುವುದು ಸಾಮಾನ್ಯವಾಗಿ ಇದೇ ಮಾತುಕತೆ.

ವರ್ಷಗಟ್ಟಲೆ ಕೇಳಿದರೂ ಕಂಪನಿಗಳು ಲಿನಕ್ಸ್‌ಗೆ ಕೊಡದ ಮುಕ್ತ ಭಾಷೆ ಹೀಗೆ ಫೋನಿನ ದೆಸೆಯಿಂದ ಸಿಕ್ಕಿತು. ಇಂಥ ಪ್ರಿಂಟರ್ ಇದ್ದರೆ ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಈ ಭಾಷೆ ಬಲ್ಲ ಪ್ರಿಂಟರನ್ನು ಯುಎಸ್‌ಬಿ ಕೇಬಲ್‌ನಲ್ಲೂ ಹಾಗೇ ನಡೆಸುವ ಏರ್ಪಾಟು 2021ರ ಡೆಬಿಯನ್ 11ರಲ್ಲಿ ಬಂತು.

ಈ ನಡುವೆ ಕಪ್ಸ್ ಅನಾಥವಾಗುವ ಹೊತ್ತೂ ಬಂದಿತ್ತು. 2019ರ ಡಿಸೆಂಬರ್‌ನಲ್ಲಿ ಮೈಕಲ್ ಸ್ವೀಟ್ ಆಪಲ್ ಬಿಟ್ಟರು. ಮುಂದಿನ ವರ್ಷ ಆಪಲ್ ಕಡೆ ಕಪ್ಸ್ ಕೆಲಸ ಹೆಚ್ಚುಕಡಿಮೆ ನಿಂತಂತಾಯಿತು. ಹಕ್ಕು ಕಂಪನಿಯದಾದರೂ ಮೂಲ ಬರಹ ಎಲ್ಲರ ಬಳಿ ಇತ್ತಲ್ಲ, ಓಪನ್‌ಪ್ರಿಂಟಿಂಗ್ ಬಳಗ ಅದರ ಪ್ರತಿ ತೆಗೆದುಕೊಂಡು ಮುಂದುವರಿಸಿತು. ಸ್ವೀಟ್ ಕೂಡ ಬಂದು ಸೇರಿದರು. 2021ರ ನವೆಂಬರ್‌ನಲ್ಲಿ ಹೊರಬಂದ ಕಪ್ಸ್ 2.4 ಈ ಬಳಗದ್ದೇ. ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದ ಮೂಲಕ ಭಾರತದ ಎಷ್ಟೋ ವಿದ್ಯಾರ್ಥಿಗಳು, ಅದರಲ್ಲೂ ಹಿಮಾಚಲದ ಐಐಟಿ ಮಂಡಿಯವರು, ಈ ಬಳಗಕ್ಕೆ ಕೆಲಸ ಮಾಡಿಕೊಟ್ಟಿದ್ದಾರೆ. 1980ರಲ್ಲಿ ಬೀಗ ಹಾಕಿದ್ದರಿಂದ ನಿಂತುಹೋದ ಕೆಲಸ ಎಂಥದ್ದೋ, 2020ರಲ್ಲಿ ಬೀಗ ಇಲ್ಲದ್ದರಿಂದ ಮುಂದುವರಿದದ್ದು ಅಂಥದ್ದೇ ಕೆಲಸ.

ಮುಕ್ತ ಎಂದ ಮಾತ್ರಕ್ಕೆ ಕುಂದಿಲ್ಲ ಎಂದಲ್ಲ. 2024ರ ಸೆಪ್ಟೆಂಬರ್ 26ರಂದು ಸಿಮೋನೆ ಮಾರ್ಗರಿಟೆಲ್ಲಿ ಎಂಬ ಭದ್ರತಾ ಸಂಶೋಧಕರು ಕಪ್ಸ್ ಜೊತೆಗಿನ ಒಂದು ತುಂಡಿನಲ್ಲಿ ದೊಡ್ಡ ಲೋಪ ತೋರಿಸಿದರು. ಸುತ್ತಲಿನ ಪ್ರಿಂಟರ್‌ಗಳನ್ನು ಹುಡುಕುವ ಆ ತುಂಡು, ಹೊರಗಿನವರು ಕಳಿಸಿದ ಸುಳ್ಳು ಪ್ರಿಂಟರ್ ವಿವರವನ್ನೂ ನಂಬಿ ಸೇರಿಸಿಕೊಳ್ಳುತ್ತಿತ್ತು. ಯಾರಾದರೂ ಆ ಸುಳ್ಳು ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟರೆ ಕಳ್ಳ ಬರೆದ ಆಜ್ಞೆ ಕಂಪ್ಯೂಟರ್‌ನಲ್ಲಿ ಓಡುವ ಅಪಾಯವಿತ್ತು. ತಿದ್ದುಪಡಿ ಬಂದಿದೆ. ಲಿನಕ್ಸ್ ಹಾಕಿಸಿ ಅಪ್‌ಡೇಟ್ ಮಾಡದೆ ಬಿಡುವವರು ಇದನ್ನು ನೆನಪಿಡಬೇಕು.

ಹಾಗಾದರೆ ಈಗ ಏನು ಮಾಡುವುದು?

ಈ ಚರಿತ್ರೆಯಿಂದ ಅಂಗಡಿಯವರು ಕೈಗೆ ತೆಗೆದುಕೊಳ್ಳಬೇಕಾದದ್ದು ಇಷ್ಟು.

ಮೊದಲನೆಯದು, ಇರುವ ವಿಂಡೋಸ್ ಅಳಿಸಬೇಡಿ. ಉಬುಂಟು ಅಥವಾ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡದೆಯೇ ಪ್ರಿಂಟರ್ ಜೋಡಿಸಿ ಒಂದು ಪುಟ ತೆಗೆದು ನೋಡಬಹುದು. 1020 ಇದ್ದರೆ ಇಂಟರ್ನೆಟ್ ಜೋಡಿಸಿ ಪ್ಲಗಿನ್ ಹಾಕಿ ನೋಡಿ. ಬೆರಳಚ್ಚು ಯಂತ್ರ, ಸ್ಕ್ಯಾನರ್ ಇದ್ದರೆ ಅವನ್ನೂ ಅದೇ ದಿನ ಪರೀಕ್ಷಿಸಿ.

ಎರಡನೆಯದು, ಪುಟದ ಅಂಚು ಕತ್ತರಿಸಿ ಬಂದರೆ ಪ್ರಿಂಟರ್ ಕೆಟ್ಟಿತೆಂದು ಬಿಚ್ಚಬೇಡಿ. ಕಾಗದದ ಅಳತೆ ಅಮೆರಿಕದ ಲೆಟರ್ ಎಂದು ಇದೆಯೇ ನೋಡಿ, ಎ4 ಮಾಡಿ.

ಮೂರನೆಯದು, ಕಾಗದ ಸಿಕ್ಕಿಕೊಂಡು ತೆಗೆದ ಮೇಲೂ ಪ್ರಿಂಟ್ ಬರದಿದ್ದರೆ ಸಾಲು ನಿಂತಿರಬಹುದು. ತೊಂದರೆ ಕಂಡ ಕೂಡಲೇ ಕಪ್ಸ್ ಹಲವು ಸಲ ಗಿರಣಿ ನಿಲ್ಲಿಸಿಬಿಡುತ್ತದೆ. ಯಂತ್ರ ಸರಿಹೋಯಿತೆಂದು ನಾವೇ ಹೇಳಬೇಕು. ಆ 631ರ ಪುಟದಲ್ಲಿ ಪ್ರಿಂಟರ್ ಹೆಸರು ಒತ್ತಿ ರೆಸ್ಯೂಮ್ ಕೊಡಿ. ಬೇಡದ ಹಳೇ ಕೆಲಸಗಳನ್ನು ರದ್ದು ಮಾಡಿ. ಪಾಸ್‌ವರ್ಡ್ ಕೇಳಿದರೆ ಕಂಪ್ಯೂಟರ್ ತೆರೆಯುವಾಗ ಕೊಡುವ ನಿಮ್ಮದೇ ಹೆಸರು, ಪಾಸ್‌ವರ್ಡ್ ಸಾಕು. ಆದರೆ ಆ ಹೆಸರಿಗೆ ಪ್ರಿಂಟರ್ ನೋಡಿಕೊಳ್ಳುವ ಅನುಮತಿ ಇರಬೇಕು.

ನಾಲ್ಕನೆಯದು, ಹೊಸ ಪ್ರಿಂಟರ್ ಕೊಳ್ಳುವಾಗ ಒಂದು ನಿಮಿಷಕ್ಕೆ ಎಷ್ಟು ಪುಟ, ಟೋನರ್ ಬೆಲೆ ಎಷ್ಟು ಎಂದು ಕೇಳುತ್ತೀರಲ್ಲ, ಜೊತೆಗೆ ಇನ್ನೊಂದನ್ನು ಕೇಳಿ: "ಏರ್‌ಪ್ರಿಂಟ್ ಇದೆಯಾ?" ಐಫೋನ್ ಇಟ್ಟುಕೊಂಡವರಿಗೆ ಮಾತ್ರ ಬೇಕಾದ ಪ್ರಶ್ನೆಯಲ್ಲ ಅದು. ಇದೆ ಎಂದರೆ ಆ ಪ್ರಿಂಟರ್ ಎಲ್ಲರಿಗೂ ಗೊತ್ತಿರುವ ಭಾಷೆ ಆಡುತ್ತದೆ ಎಂದು ಅರ್ಥ. ನಾಳೆ ಕಂಪನಿ ಡ್ರೈವರ್ ಕೊಡುವುದನ್ನು ನಿಲ್ಲಿಸಿದರೂ ಅದು ನಿಮ್ಮ ಅಂಗಡಿಯಲ್ಲಿ ದುಡಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ದುಡ್ಡು ಕೊಡುವ ಮುಂಚೆ ಓದಿ ನೋಡಿ.